ಮೀಸೆಕ್ಕನ ಮಕ್ಕಳು

ಕಡಲಂಚಿನ ಮನೆ
ಸೋಮವಾರ, ಬೆಳಿಗ್ಗೆ

ನನ್ನ ಮುದ್ದು ಮೊಮ್ಮಗಳೇ,

ಹೇಗಿದ್ದೀಯ? ಹೊಲಿಗೆ ಕಾರ್ಖಾನೆಯಲ್ಲಿ ದಿನವಿಡೀ ಬಗ್ಗಿ ಕುಳಿತು ಬೆನ್ನು ಬಿಲ್ಲಾಗಿಲ್ಲ ತಾನೆ? ಹೊಟ್ಟೆ ತುಂಬ ತಿನ್ನು. ಸಣ್ಣಗಿದ್ದರೆ ಚೆಂದ ಎಂದು ಗೆಳತಿಯರು ಹೇಳಿದರೆ, ಒಣಮೀನನ್ನು ಯಾರೂ ಚೆಂದವೆನ್ನುವುದಿಲ್ಲ ಎಂದು ನಮ್ಮಜ್ಜಿ ಹೇಳಿದ್ದಾಳೆ ಅನ್ನು. ನನ್ನ ಮಂಡಿನೋವು ಹಾಗೇ ಇದೆ. ಈಗ ಅದು ನನಗಿಂತ ಹೆಚ್ಚು ಮಾತಾಡುತ್ತದೆ. ನಿನ್ನಪ್ಪ ಚೆನ್ನಾಗಿದ್ದಾನೆ. ಅಕ್ಷರ ಕಾಗೆ ಕಾಲಿನಂತಿದ್ದರೂ ಓದಿಕೋ, ನಾನು ಕಲಿತದ್ದು ಇಷ್ಟೇ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಮೀಸೆಕ್ಕ ಹೋದಳು ಮಗಳೇ. ದೋಣಿ ಕಟ್ಟುವ ಧಕ್ಕೆಯ ಕಲ್ಲುಗಳ ಸಂದಿನಲ್ಲಿ ಮರಿ ಹಾಕಿದ್ದಳಲ್ಲ, ನಿನ್ನ ಆ ನೀರುನಾಯಿ. ನಮ್ಮ ದೋಣಿಯವರ ಪದ್ಧತಿ ನಿನಗೆ ಗೊತ್ತೇ ಇದೆ: ದಡ ಮುಟ್ಟಿದೊಡನೆ ಹುಟ್ಟಿನಿಂದ ದೋಣಿಯ ಅಂಚಿಗೆ ಟಕಟಕ ಬಡಿಯುವುದು, ಅವಳು ಈಜಿ ಬಂದು ಅಂಚಿಗೆ ಕೈಯಿಟ್ಟು ನಿಲ್ಲುವುದು, ಮೊದಲ ಮೀನು ಅವಳ ಬಾಯಿಗೆ. ಶುರು ಮಾಡಿದವಳು ನೀನು, ಆಮೇಲೆ ಇಡೀ ಕೇರಿಗೇ ಚಟ ಹತ್ತಿತು. ನಿನ್ನ ದೊಡ್ಡಪ್ಪನಂತೂ ಹೆಂಡತಿಗೆ ಮೀನಿನ ತಲೆ ಕೊಟ್ಟು, ಮೀಸೆಕ್ಕನಿಗೆ ನಡುತುಂಡು ಕೊಡುತ್ತಿದ್ದ. "ಇವಳು ಎದುರು ಮಾತಾಡಲ್ಲ ಕಣಮ್ಮ" ಅನ್ನುತ್ತಿದ್ದ.

ಹೋದ ವಾರ ಹೊರಗಿನ ದೋಣಿಯೊಂದು ಮೋಟಾರು ಕೆಟ್ಟು ನಮ್ಮ ಧಕ್ಕೆಗೆ ಬಂತು. ಅದರಲ್ಲಿದ್ದವನು ಹುಟ್ಟಿಗೆ ಸುತ್ತಿಕೊಂಡ ಪಾಚಿ ಕೊಡವಲು ಅಂಚಿಗೆ ಬಡಿದ. ಅಷ್ಟೇ. ಕರೆದರೆಂದು ಇವಳು ಹೋದಳು. ಮೀಸೆ, ಹಲ್ಲು, ಒದ್ದೆ ಮೈ ಎಲ್ಲ ಒಮ್ಮೆಲೇ ಎದುರಿಗೆ ಎದ್ದುನಿಂತರೆ ಹೊಸಬನ ಗತಿಯೇನು? ಕಿರುಚಿಕೊಂಡು ಕೈಯಲ್ಲಿದ್ದ ಹುಟ್ಟಿನಿಂದಲೇ ಹೊಡೆದ. ಬಲೆ ಹೆಣೆಯುತ್ತ ಕೂತಿದ್ದ ನಾನು ಕೂಗುತ್ತ ಓಡುವಷ್ಟರಲ್ಲಿ ಮುಗಿದಿತ್ತು. "ಕಚ್ಚೋಕೆ ಬಂತಜ್ಜಿ, ನಂಗೇನು ಗೊತ್ತು" ಎಂದು ನಡುಗುತ್ತಿದ್ದ. ಬಾಯಿಗೆ ಬಂದದ್ದೆಲ್ಲ ಬೈದೆ. ಬೈದು ಸುಸ್ತಾದ ಮೇಲೆ ಅವನಿಗೆ ಕುಡಿಯಲು ನೀರು ಕೊಟ್ಟೆ. ಅವನನ್ನು ಬೈದು ಏನು ಬಂತು? ಮನುಷ್ಯರೆಲ್ಲ ನಮ್ಮ ಕೇರಿಯವರೇ ಎಂದು ಅವಳಿಗೆ ಕಲಿಸಿದವರು ನಾವು. ನಿನ್ನಪ್ಪ ಅವಳನ್ನು ಹಳೆಯ ಬಲೆಯಲ್ಲಿ ಸುತ್ತಿ ಮರಳಿನಲ್ಲಿ ಹೂತ. ಅಳಬೇಡ ಅನ್ನುವುದಿಲ್ಲ, ಅತ್ತುಬಿಡು. ಹೊಲಿಗೆ ಯಂತ್ರದ ಮುಂದೆ ಮಾತ್ರ ಬೇಡ, ಸೂಜಿ ದುಃಖ ಕೇಳಿಕೊಂಡು ಚುಚ್ಚುವುದಿಲ್ಲ.

ಮರಿಗಳೆರಡೂ ತಾವೇ ಮೀನು ಹಿಡಿಯುವಷ್ಟು ಬೆಳೆದಿವೆ. ಆದರೆ ಹುಟ್ಟಿನ ಸದ್ದಾದರೆ ಅಮ್ಮನಂತೆಯೇ ಓಡಿಬರುತ್ತವೆ. ಅದಕ್ಕೇ ಕೇರಿಯವರೆಲ್ಲ ಸೇರಿ ಒಂದು ಕೆಟ್ಟ ಕೆಲಸ ಹಿಡಿದಿದ್ದೇವೆ. ನಿನ್ನಪ್ಪ ಹುಟ್ಟು ಬಡಿಯುತ್ತಾನೆ, ಅವು ಬಂದೊಡನೆ ನಾನು ಬೈಯುತ್ತ ಬೆಣಚುಕಲ್ಲು ಎಸೆಯುತ್ತೇನೆ. ಬೈಯಲು ನನಗಿಂತ ಯೋಗ್ಯರು ಸಿಗಲಿಲ್ಲವಂತೆ. ದೊಡ್ಡದು ಬೇಗ ಕಲಿಯಿತು. ಈಗ ಸದ್ದು ಕೇಳಿದರೆ ಮುಳುಗಿ ದೂರ ಹೋಗಿಬಿಡುತ್ತದೆ. ಬದುಕಿತು ಎಂದು ಎಲ್ಲರಿಗೂ ಸಮಾಧಾನವಾಯಿತು, ಯಾರೂ ನಗಲಿಲ್ಲ.

ನಿನ್ನ ಕೋಣೆಯ ಗೆಳತಿಯರಿಗೂ ಈ ಮುದುಕಿಯ ಆಶೀರ್ವಾದ ಹೇಳು. ನಿನ್ನ ಕೈಕಾಲು ಗಟ್ಟಿಯಾಗಿರಲಿ, ನಿನ್ನ ಹೊತ್ತು ಚೆನ್ನಾಗಿರಲಿ.

ನಿನ್ನ
ಬಾಯಿಬಡುಕಿ ಅಜ್ಜಿ

ಮರೆತಿದ್ದಲ್ಲ, ಬರೆಯಲು ಕೈ ಬರಲಿಲ್ಲ: ಚಿಕ್ಕದು ಹೆದರುತ್ತಿಲ್ಲ. ಭಾನುವಾರದಿಂದ ಮೀನಿನ ಸುಗ್ಗಿಗೆಂದು ಹೊರಗಿನ ದೋಣಿಗಳು ಬರತೊಡಗುತ್ತವೆ. ಅಷ್ಟರೊಳಗೆ ಒಮ್ಮೆಯಾದರೂ ನೋಯುವಂತೆ ಹೊಡೆಯಲೇಬೇಕು ಅನ್ನುತ್ತಾನೆ ನಿನ್ನಪ್ಪ. ಅವನಿಂದ ಆಗದು. ನನ್ನಿಂದಲೂ ಆಗುತ್ತಿಲ್ಲ. ನಾನೆಸೆದ ಕಲ್ಲನ್ನು ಅದು ಎರಡೂ ಕೈಯಲ್ಲಿ ಹಿಡಿದು, ಅಂಗಾತ ತೇಲುತ್ತ ಹೊಟ್ಟೆಯ ಮೇಲಿಟ್ಟುಕೊಂಡು ಆಡುತ್ತದೆ. ಆಮೇಲೆ ಇನ್ನೊಂದು ಕೊಡು ಎನ್ನುವಂತೆ ನನ್ನನ್ನೇ ನೋಡುತ್ತದೆ.