ಗೋರಿಯಲ್ಲಿ ನಕ್ಕವನ ಚಿತ್ರ ಹರಿಬಿಟ್ಟ ಕಚೇರಿಗೆ

ಪ್ರಾಂತ್ಯದ ಮಾಹಿತಿ ಮತ್ತು ಪ್ರಚಾರ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ, ನಿಮ್ಮ ಕಚೇರಿ ತಯಾರಿಸಿ ಹರಿಬಿಟ್ಟ ಒಂದು ಮೀಮ್‌ ಚಿತ್ರದ ದೆಸೆಯಿಂದ ಬೆಲ್ಕೋ ಸಿದಿಬೆ ಎಂಬ ದನಗಾಹಿಯನ್ನು ನನ್ನ ಹೆಂಡದಂಗಡಿಯ ಮುಂದೆ ಹಾಡಹಗಲೇ ಕಡಿದು ಕೊಂದರು. ಅವನ ಹೆಣ ಊರಾಚೆಯ ಹಾಳುಬಾವಿಯಲ್ಲಿದೆ. ಅದನ್ನು ಎತ್ತಿ ಮಣ್ಣು ಮಾಡಬೇಕು ಎಂದು ಅವನ ಹೆಂಡತಿ ದಿಕ್ಕೋ ಬೇಡುತ್ತಿದ್ದಾಳೆ. ಆದರೆ ಆ ಚಿತ್ರ ಇವತ್ತಿಗೂ ನಿಮ್ಮ ಪೇಜಿನಲ್ಲಿರುವುದರಿಂದ ಅವಳಾಗಲಿ ಅವಳ ಕಡೆಯವರಾಗಲಿ ರಸ್ತೆಗೆ ಕಾಲಿಡುವಂತಿಲ್ಲ. ಅದನ್ನು ತೆಗೆಸಿ ಎಂದು ಕೇಳಲು ನಿಮ್ಮ ಬಾಗಿಲಿಗೆ ಬಂದಿದ್ದೆ. "ಯಾವ ಚಿತ್ರಮ್ಮಾ? ದಿನಕ್ಕೆ ನೂರು ಹಾಕ್ತೀವಿ, ಎಲ್ಲಾ ನೆನಪಿಟ್ಕೊಳ್ಳೋಕಾಗುತ್ತಾ?" ಎಂದ ನಿಮ್ಮ ಗುಮಾಸ್ತ. ಅದಕ್ಕೇ ಈಗ ಊರೆಲ್ಲ ಓದುವಂತೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ನೂರರಲ್ಲಿ ಯಾವುದು ಎಂದು ತಾವು ತಲೆ ಕೆಡಿಸಿಕೊಳ್ಳಬೇಡಿ, ನಾನೇ ಹೇಳುತ್ತೇನೆ. ಆಗಷ್ಟೇ ತೋಡಿದ ಗೋರಿಯಲ್ಲಿ ಒಬ್ಬ ಫುಲಾನಿ ಗಂಡಸು ಮಲಗಿ ಬಾಯಿ ತುಂಬ ನಗುತ್ತಿದ್ದಾನೆ. ತಲೆಯ ಮೇಲೆ ನಮ್ಮ ಬೋಬೋ ಮುದುಕರು ಹಾಕುವಂಥ ಟೋಪಿ. ಸುತ್ತ ನಿಮ್ಮ ಹುಡುಗರು ಅಂಟಿಸಿದ ಬೆಂಕಿ. ಮೇಲೆ ಕೆಂಪಕ್ಷರ: 'ನಿಮ್ಮ ಹೆಣದ ಮೇಲೆ ನಗುವವನ ಮುಖ ನೆನಪಿಟ್ಟುಕೊಳ್ಳಿ.' ಮೂಲೆಯಲ್ಲಿ ಸರ್ಕಾರದ ಮುದ್ರೆ. ಆ ಗೋರಿ ನನ್ನ ಅಪ್ಪನದು. ಟೋಪಿಯೂ ಅಪ್ಪನದೇ, ಬೆಲ್ಕೋನ ತಲೆಗೆ ಇಟ್ಟವಳು ನನ್ನ ಅವ್ವ.

ಹೊಲ ಉಳುವ ನಮ್ಮ ಬೋಬೋ ಕುಲಕ್ಕೂ ದನ ಮೇಯಿಸುವ ಫುಲಾನಿ ಕುಲಕ್ಕೂ ಇರುವುದು ಗೇಲಿಯ ನೆಂಟಸ್ತನ ಎಂದು ತಮಗೆ ತಿಳಿಯದೇ? ಎದುರಾದರೆ ಬಯ್ದುಕೊಳ್ಳಬೇಕು, ಬೈಸಿಕೊಂಡವನು ಸಿಟ್ಟಾಗಕೂಡದು. ಸಾವಿನ ಮನೆಗಂತೂ ಈ ನೆಂಟ ಬಂದು, ಸತ್ತವನ ಟೋಪಿ ತೊಟ್ಟು, ಗೋರಿಯಲ್ಲಿ ಅಡ್ಡ ಮಲಗಿ, ಅಳುವವರನ್ನು ನಗಿಸಲೇಬೇಕು. ಕೋಳಿ ಕೊಟ್ಟ ಮೇಲಷ್ಟೇ ಅವನು ಎದ್ದು ಹೆಣಕ್ಕೆ ಜಾಗ ಬಿಡುವುದು. ತಾವೇನು ಆಕಾಶದಿಂದ ಉದುರಿದವರೇ? ನಿಮ್ಮ ತಂದೆ ತೀರಿಕೊಂಡಾಗ ಯಾರೂ ಬಂದು ಹೀಗೆ ಮಲಗಲಿಲ್ಲವೇ?

ಅಪ್ಪನನ್ನು ಮಣ್ಣು ಮಾಡಿದ ದಿನ ಬೆಲ್ಕೋ ಗೋರಿಯೊಳಗಿಂದ ಕೂಗುತ್ತಿದ್ದ: "ಈ ಮುದುಕ ನಂಗೊಂದು ಗಡಿಗೆ ಹೆಂಡ ಕೊಡ್ತೀನಿ ಅಂದಿದ್ದ ಕಣ್ರೋ! ನಾನು ಕುಡಿಯಲ್ಲ ಅಂತ ಗೊತ್ತಿದ್ದೇ ಮಾತು ಕೊಟ್ಟಿದ್ದ, ಜಿಪುಣ!" ನನ್ನ ತಮ್ಮ ಎವಾರಿಸ್ತ್ ಮೇಲಿಂದ ಗದರಿಸಿದ: "ಏಳೋ ಹಾಲುಗಳ್ಳ! ನಿಮ್ಮೋರಿಗೆ ಹೆತ್ತವ್ವ ಸತ್ತರೆ ಕಣ್ಣೀರು ಬರಲ್ಲ, ಹಸು ಸತ್ತರೆ ಬರುತ್ತೆ." ಬೆಲ್ಕೋ ಬಿಡಲಿಲ್ಲ: "ಹಸು ಹಾಲಾದ್ರೂ ಕೊಡುತ್ತಪ್ಪಾ, ನಿಮ್ಮಪ್ಪ ಏನು ಕೊಟ್ಟ? ನಿನ್ನ ಕೊಟ್ಟ!" ಮೂರು ದಿನ ಅನ್ನ ನೀರು ಬಿಟ್ಟಿದ್ದ ನನ್ನ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎವಾರಿಸ್ತ್ ನಕ್ಕು ನಕ್ಕು ಮಣ್ಣಗುಡ್ಡೆಯ ಮೇಲೇ ಕುಸಿದ. ಆಮೇಲೆ ಕೋಳಿ ಕೊಟ್ಟು, ಕೈಹಿಡಿದು ಬೆಲ್ಕೋನನ್ನು ಮೇಲೆತ್ತಿದ. ಇದೆಲ್ಲ ನನ್ನ ಫೋನಿನ ವಿಡಿಯೋದಲ್ಲಿದೆ. ನೆಂಟರಿಷ್ಟರೆಲ್ಲ ಹಂಚಿಕೊಂಡು ನೋಡಿದ ಆ ವಿಡಿಯೋದಿಂದಲೇ ತಾವು ಒಂದು ಕ್ಷಣವನ್ನು ಕಿತ್ತುಕೊಂಡಿರಿ.

ಆರು ತಿಂಗಳ ನಂತರ ಕಾಡಿನಿಂದ ಬಂದ ಬಂದೂಕಿನವರು ಪಕ್ಕದ ಹಳ್ಳಿಗೆ ನುಗ್ಗಿ ಕೈಗೆ ಸಿಕ್ಕವರನ್ನೆಲ್ಲ ಕೊಂದರು. ಕೊಂದವರಲ್ಲಿ ಫುಲಾನಿಗಳಿದ್ದರೆಂದು ಮಾತು ಹಬ್ಬಿತು. ಅವರನ್ನು ಹಿಡಿಯುವುದು ನಿಮ್ಮವರಿಂದ ಆಗಲಿಲ್ಲ. ಚಿತ್ರ ಮಾಡುವುದು ಆಯಿತು. ಮರುದಿನ ಎವಾರಿಸ್ತ್ ಅಂಗಡಿಗೆ ಬಂದು ಫೋನನ್ನು ನನ್ನ ಮುಖಕ್ಕೆ ಹಿಡಿದ.

"ನೋಡಕ್ಕಾ, ಹೆಂಗೆ ನಗ್ತಾವ್ನೆ."

"ಥೂ, ಮತಿಗೆಟ್ಟವನೇ! ಅವತ್ತು ನೀನೂ ಅಲ್ಲೇ ಇದ್ದೆಯಲ್ಲೋ. ಕೈಹಿಡಿದು ಎತ್ತಿದೋನು ನೀನೇ."

"ಅವತ್ತು ಗೊತ್ತಾಗ್ಲಿಲ್ಲ ಕಣಕ್ಕಾ. ಈಗ ನೋಡಿದ್ರೆ ಗೊತ್ತಾಗುತ್ತೆ. ಸರ್ಕಾರದೋರು ಸುಮ್ನೆ ಹಾಕ್ತಾರಾ?"

ಇದನ್ನು ಎರಡು ಸಲ ಓದಿ, ಸ್ವಾಮೀ. ತನ್ನ ಕಣ್ಣಾರೆ ಕಂಡದ್ದನ್ನು, ತನ್ನ ಹೊಟ್ಟೆಯಿಂದಲೇ ಬಂದ ನಗುವನ್ನು, ಒಬ್ಬ ಮನುಷ್ಯ ನಿಮ್ಮ ಆರು ಕೆಂಪು ಪದಗಳಿಗಾಗಿ ಸುಳ್ಳು ಅಂದುಕೊಂಡ. ಶತ್ರುವಿಗೂ ಇಂಥ ಕೈಚಳಕ ಬಂದಿರಲಿಕ್ಕಿಲ್ಲ. ತಮಗೆ ಪದಕ ಸಿಗದಿದ್ದರೆ ಅದು ಅನ್ಯಾಯ.

ಸಂತೆಯ ದಿನ ಬೆಲ್ಕೋ ಎಂದಿನಂತೆ ಹಾಲು ತುಂಬಿದ ಸೋರೆಬುರುಡೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದ. ಅವನಿಗೆ ಫೋನಿಲ್ಲ, ಚಿತ್ರ ನೋಡಿರಲಿಲ್ಲ. "ಏನ್ರೋ ಹೆಂಡದ ಗಡಿಗೆಗಳಾ, ಇನ್ನೂ ಸತ್ತಿಲ್ವಾ?" ಎಂದ. ಯಾರೂ ನಗಲಿಲ್ಲ. ಒಬ್ಬ ಫೋನನ್ನು ಅವನ ಕೆನ್ನೆಯ ಪಕ್ಕ ಹಿಡಿದು ಹೋಲಿಸಿದ. ಇನ್ನೊಬ್ಬ ಮಚ್ಚಿನ ಹಿಂಬದಿಯಿಂದ ಬೆನ್ನಿಗೆ ಬಾರಿಸಿದ. ಬೆಲ್ಕೋ ಅದನ್ನೂ ಗೇಲಿ ಅಂದುಕೊಂಡು ನಕ್ಕ. ಅಯ್ಯೋ, ನಕ್ಕ! "ನೋಡ್ರೋ, ಇನ್ನೂ ನಗ್ತಾವ್ನೆ!" ಎಂದು ಹತ್ತು ಗಂಟಲು ಕೂಗಿದವು. ಎರಡನೆಯ ಏಟಿಗೆ ಭುಜ ಸೀಳಿತು. ಬಿದ್ದವನು ನನ್ನ ತಮ್ಮನ ಕಾಲು ಹಿಡಿದು "ಎವಾರಿಸ್ತ್, ಹೇಳೋ ಇವರಿಗೆ, ಹೇಳೋ" ಎಂದ. ಎವಾರಿಸ್ತ್ ಬಾಯಿಯ ಮೇಲೆ ಹೊಡೆದ, ಆಮೇಲೆ ಕುತ್ತಿಗೆಗೆ. ಚೆಲ್ಲಿದ ಹಾಲು ಕೆಂಪಾಯಿತು. ನಾನು ಒಲೆಯ ಮೇಲೆ ಕುದಿಯುತ್ತಿದ್ದ ಜೋಳದ ಹೆಂಡದ ಹಂಡೆಯನ್ನೇ ಅವರ ಮೇಲೆ ಉರುಳಿಸಿದೆ. ಇಬ್ಬರಿಗೆ ಸುಟ್ಟಿತು, ಬೆಲ್ಕೋ ಉಳಿಯಲಿಲ್ಲ. ಇಬ್ಬರಿಗೆ ಸುಟ್ಟದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ದಿಕ್ಕೋ ಎಲ್ಲಿದ್ದಾಳೆ ಎಂದು ಇಲ್ಲಿ ಬರೆಯುವಷ್ಟು ದಡ್ಡಿ ನಾನಲ್ಲ. ಅವಳು ಗೋಗರೆಯುವುದು ಒಂದೇ: "ಬಾವಿಯಿಂದ ಎತ್ತಿಸಮ್ಮಾ, ಆಮೇಲೆ ನನ್ನ ಏನಾದ್ರೂ ಮಾಡ್ಲಿ." ಚೆಕ್‌ಪೋಸ್ಟಿನವರ ಫೋನುಗಳಲ್ಲಿ ಅವಳ ಗಂಡನ ಮುಖವಿದೆ. ಅವನ ಹೆಂಡತಿ ಎಂದು ಗೊತ್ತಾದರೆ ಅವಳೂ ಬಾವಿಗೇ.

ಆದ್ದರಿಂದ ನನ್ನ ಬೇಡಿಕೆ. ಆ ಚಿತ್ರ ತೆಗೆಯಿರಿ. ಅದೇ ಪೇಜಿನಲ್ಲಿ, ಅದೇ ಮುದ್ರೆಯೊಂದಿಗೆ ನನ್ನ ವಿಡಿಯೋ ಮೊದಲಿಂದ ಕೊನೆಯವರೆಗೆ ಹಾಕಿ, ಸುಳ್ಳು ನಿಮ್ಮದೆಂದು ಬರೆಯಿರಿ. ಬಾವಿಯ ತನಕ ದಿಕ್ಕೋ ಜೊತೆಗೆ ನಿಮ್ಮ ಸಿಪಾಯಿಗಳನ್ನು ಕಳಿಸಿ. ಬೇಗ ಮಾಡಿ, ಏಕೆಂದರೆ ನಿನ್ನೆ ಎವಾರಿಸ್ತ್ ಊರು ಕಾಯಲೆಂದು ನಿಮ್ಮವರು ಕೊಟ್ಟ ಬಂದೂಕು ಹೆಗಲಿಗೆ ಹಾಕಿಕೊಂಡು ನನ್ನ ಮನೆಗೆ ಬಂದಿದ್ದ.

"ಅಕ್ಕಾ, ಆ ವಿಡಿಯೋ ಅಳಿಸಿಬಿಡು" ಎಂದ.

"ಯಾಕೋ? ಫುಲಾನಿ ನಗೋದು ನೋಡೋಕಾಗಲ್ವಾ?"

ತಲೆ ತಗ್ಗಿಸಿದ. "ಅವನದಲ್ಲ ಅಕ್ಕಾ. ಅದ್ರಲ್ಲಿ ನಾನು ನಗ್ತಿದ್ದೀನಿ."

ಇಂತಿ, ಇನ್ನೂ ವಿಡಿಯೋ ಅಳಿಸದ,
ಕೊಂದವನ ಒಡಹುಟ್ಟು,
ಪೆರ್ಪೆತು ಮಿಲೋಗೋ