ಶಿಮೊನೊಸೆಕಿಯ ಕ್ಷೌರದಂಗಡಿ, ಲಾವೋಸಿನ ಕರಡಿ

ಜನವರಿ 12, ಸೋಮವಾರ

ಅಂಗಡಿಗೆ ರಜೆ. ಟವೆಲ್‌ಗಳನ್ನೆಲ್ಲ ಒಗೆದು ಹಾಕಿದೆ. ಕಡಲ ಗಾಳಿಗೆ ಅರ್ಧ ಗಂಟೆಯಲ್ಲೇ ಹಪ್ಪಳ. ಬ್ಯಾಂಕಿಗೆ ಹೋಗಿ ಲಾವೋಸಿಗೆ ಹಣ ಕಳಿಸಿ ಬಂದೆ — ನನ್ನದು, ಜೊತೆಗೆ ಗಿರಾಕಿಗಳು ಜಾಡಿಗೆ ಹಾಕಿದ್ದು.

"ಕರಡಿ ಆರಾಮಾ?" ಎಂದಳು ಕೌಂಟರಿನ ಹುಡುಗಿ.

"ನಮ್ಮೆಜಮಾನ್ರಿಗಿಂತ ಚೆನ್ನಾಗಿ ಉಣ್ಣುತ್ತೆ."

ನಕ್ಕಳು. ಈ ಊರಿನಲ್ಲಿ ಕರಡಿ ಡಾವ್ ಗೊತ್ತಿಲ್ಲದವರು ಯಾರು! ನನ್ನ ಅಂಗಡಿಯ ಕನ್ನಡಿಯ ಪಕ್ಕದಲ್ಲೇ ಇದೆಯಲ್ಲ ಅದರ ಫೋಟೊ.

ಜನವರಿ 17, ಶನಿವಾರ

ಮೀನಿನ ಅಂಗಡಿಯ ತೊರಿಗೊಯೆ ಬಂದಿದ್ದ. ಲಾವೋಸಿನಿಂದ ಬುನ್ಮಿ ಕಳಿಸಿದ ಡಾವ್‌ನ ಹೊಸ ಫೋಟೊ ಅಂಟಿಸಿದ್ದೆ. ನೊರೆ ಮೆತ್ತಿದ ಮುಖದಲ್ಲೇ ಎದ್ದು ಕೂತ.

"ಅಕ್ಕಾ, ಇದು ಡಾವ್ ಅಲ್ಲ."

"ಸುಮ್ನೆ ಮಲಗು, ಕತ್ತಿ ತಗುಲುತ್ತೆ."

"ಎದೆ ಮೇಲಿನ ಬಿಳಿ ಪಟ್ಟಿ ನೋಡು. ಡಾವ್‌ದು ಒಂದು ಕಡೆ ಮುರಿದಿತ್ತು. ಇದರದ್ದು ಇಡೀ ಇದೆ. ಎಷ್ಟು ವರ್ಷದಿಂದ ಆ ಮುಖ ನೋಡ್ಕೊಂಡೇ ಗಡ್ಡ ಹೆರೆಸ್ಕೊಳ್ತಿದ್ದೀನಿ, ನಂಗೊತ್ತಾಗಲ್ವಾ? ನಿಂಗೆ ಟೋಪಿ ಹಾಕ್ತಿದ್ದಾಳೆ ಅವಳು."

ಹಳೆಯ ಫೋಟೊ ಹುಡುಕಿ ಪಕ್ಕದಲ್ಲಿಟ್ಟು ನೋಡಿದೆ. ಹೌದು... ಬೇರೆ.

ಆದರೂ ಬುನ್ಮಿ ಮೋಸದವಳಲ್ಲ. ಇಲ್ಲಿ ಮೀನಿನ ಕಾರ್ಖಾನೆಗೆ ಕೆಲಸಕ್ಕೆ ಬಂದಿದ್ದಾಗ ಮೂರು ವರ್ಷ ನನ್ನ ಹತ್ತಿರವೇ ಕೂದಲು ಕತ್ತರಿಸಿಕೊಂಡ ಹುಡುಗಿ. ಊರಿಗೆ ಹಿಂದಿರುಗಿ, ಪಿತ್ತರಸಕ್ಕಾಗಿ ಬೋನಿನಲ್ಲಿ ಕೂಡಿಹಾಕಿದ್ದ ಕರಡಿಗಳನ್ನು ಬಿಡಿಸಿ ತಂದು ಸಾಕುತ್ತಿದ್ದಾಳೆ. ಮೊದಲು ಬಿಡಿಸಿದ್ದೇ ಡಾವ್.

ಜನವರಿ 19

ಫೋನ್ ಮಾಡಿದೆ. "ಡಾವ್ ಚೆನ್ನಾಗಿದ್ದಾನೆ ಅಕ್ಕಾ" ಎಂದಳು. ತೀರಾ ಬೇಗ ಎಂದಳು.

"ಹಾಗಾದ್ರೆ ನಾನೇ ಬಂದು ನೋಡ್ತೀನಿ."

ಕರಡಿಗಳಿಗೆ ಗಂಜಿ ಹೊತ್ತಾಯ್ತು ಎಂದು ಫೋನ್ ಇಟ್ಟಳು.

ನಮ್ಮೆಜಮಾನ್ರು ಕಾನ್ಜಿಗೆ ಹೇಳಿದೆ. ಹಡಗು ಎಳೆಯುವ ಟಗ್ ದೋಣಿಯಲ್ಲಿ ಒಂದು ಆಯುಷ್ಯ ಕಳೆದ ಮನುಷ್ಯ. ವಿಮಾನ ಎಂದರೆ ಭಯ. "ನಾನಂತೂ ಬರಲ್ಲ. ನೀನು ಹೋಗು. ಹೋಗಿ ಜಗಳ ಆಡ್ಬೇಡ" ಎಂದರು.

ಜಗಳ ಯಾಕೆ? ನೋಡಿದರೆ ಗೊತ್ತಾಗುತ್ತದೆ. ಮಷಿನ್, ಕತ್ತರಿ ಪೆಟ್ಟಿಗೆಗೆ ಹಾಕಿದೆ. ಬುನ್ಮಿಯ ಕೂದಲನ್ನು ಅಲ್ಲಿ ಯಾರು ಕತ್ತರಿಸುತ್ತಾರೋ, ಪಾಪ.

ಫೆಬ್ರವರಿ 10, ಲಾವೋಸ್

ಡಾವ್ ಇಲ್ಲ. ಹೋದ ಮಳೆಗಾಲದಲ್ಲೇ ಸತ್ತಿದೆ. ಪಿತ್ತಕೋಶದಲ್ಲಿ ಗಡ್ಡೆ. ಹಲಸಿನ ಮರದ ಬುಡದಲ್ಲಿ ಹೂತಿದ್ದಾರೆ.

"ಯಾಕೆ ಹೇಳಲಿಲ್ಲ?"

ಬುನ್ಮಿ ನೆಲ ನೋಡುತ್ತ ನಿಂತಳು. "ಮುಂಚೆ ಒಂದು ಕರಡಿ ಸತ್ತಾಗ ಹೇಳ್ದೆ ಅಕ್ಕಾ. ಅದಕ್ಕೆ ಅಂತ ಕೊಡ್ತಿದ್ದೋರೆಲ್ಲ ಅಯ್ಯೋ ಪಾಪ ಅಂದ್ರು, ನಿಲ್ಲಿಸಿಬಿಟ್ರು. ಉಳಿದವಕ್ಕೆ ಗಂಜಿ ಸಾಲ್ದೇ ಹೋಯ್ತು."

"ನಾನೂ ನಿಲ್ಲಿಸ್ತೀನಿ ಅಂದ್ಕೊಂಡ್ಯಾ?"

"ನಿಮ್ಮ ಊರೋರು..."

"ನಾನು!"

ಅಲ್ಲಿಂದ ಎದ್ದು ಹೋದೆ. ಮರದ ಹತ್ತಿರ ಕೂತು ಅತ್ತೆ. ಕರಡಿಗೋ, ಸುಳ್ಳಿಗೋ, ಗೊತ್ತಿಲ್ಲ.

ಫೆಬ್ರವರಿ 12, ಸಂಜೆ

ನಿನ್ನೆ ಇಡೀ ದಿನ ಅವಳೊಂದಿಗೆ ಮಾತಾಡಲಿಲ್ಲ. ಅವಳು ತಂದಿಟ್ಟ ಅನ್ನ ಮಾತ್ರ ಉಂಡೆ.

ಇವತ್ತು ಬೆಳಿಗ್ಗೆ ವ್ಯಾನಿನಲ್ಲಿ ಹೊಸ ಕರಡಿ ಬಂತು. ಹೆಣ್ಣು. ಪಿತ್ತ ಹೀರಲು ಹೊಟ್ಟೆಯಲ್ಲಿ ಕೊಳವೆ ತೂರಿಸಿದ ಗಾಯ ಕೊಳೆತಿದೆ, ಎಡಗಣ್ಣಲ್ಲೂ ಕೀವು. ಡಾಕ್ಟರ್ ಮತ್ತಿನ ಮದ್ದು ಕೊಟ್ಟರು. ಆಪರೇಷನ್‌ಗೆ ಹೊಟ್ಟೆಯ ಕೂದಲು ತೆಗೆಯಬೇಕು — ಕೀವು ರಕ್ತ ಸೇರಿ ಜಡೆಗಟ್ಟಿದ ಕೂದಲು. ಅವರ ಮಷಿನ್ ಎರಡು ಸಲ ಗುರ್ ಎಂದು ನಿಂತಿತು.

ನನ್ನ ಕತ್ತರಿ ಪೆಟ್ಟಿಗೆ ತಂದೆ. ಬುನ್ಮಿ ಟಾರ್ಚ್ ಹಿಡಿದಳು.

ಮೊದಲು ಕತ್ತರಿಯಿಂದ ಜಡೆ ಬಿಡಿಸಿದೆ, ಆಮೇಲೆ ಮಷಿನ್. ಕರಡಿಯ ಚರ್ಮ ಇಷ್ಟು ತೆಳುವೇ! ಬೆಚ್ಚಗಿತ್ತು. ಉಸಿರಿಗೆ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಅದರ ಜೊತೆಗೇ ಕೈ ಆಡಿಸಿದೆ. ಗಾಯದ ಅಂಚಿನಲ್ಲಿ ಉಸಿರು ಬಿಗಿ ಹಿಡಿದೆ. ಒಂದು ಗೀರೂ ಬೀಳಲಿಲ್ಲ. ಎಷ್ಟು ಸಾವಿರ ತಲೆ ಕಂಡಿದೆ ಈ ಕೈ — ಇಷ್ಟು ಒಳ್ಳೆಯ ಕೆಲಸ ಎಂದೂ ಮಾಡಿರಲಿಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ.

ಮಧ್ಯಾಹ್ನ ಕಣ್ಣು ಬಿಟ್ಟಿತಂತೆ.

ಕೈ ತೊಳೆಯುತ್ತಿದ್ದಾಗ ಬುನ್ಮಿಗೆ ಹೇಳಿದೆ: "ಸತ್ರೆ ಸತ್ತಿತು ಅನ್ನು. ಊರೋರಿಗೆ ನಾನು ಹೇಳ್ಕೋತೀನಿ. ಆದರೆ ನಂಗೆ ಇನ್ನೊಂದು ಸಲ ಸುಳ್ಳು ಹೇಳಿದ್ರೆ..."

"ಇಲ್ಲ ಅಕ್ಕಾ."

"ಕೂತ್ಕೊ. ತಲೆ ನೋಡು, ಹಕ್ಕಿ ಗೂಡು ಕಟ್ಟಿದೆ."

ಫೆಬ್ರವರಿ 21, ಶನಿವಾರ

ಅಂಗಡಿ ತುಂಬಿದ್ದಾಗಲೇ ಹೇಳಿಬಿಟ್ಟೆ, ಹೊಸ ಹೆಣ್ಣು ಕರಡಿಯ ಕಥೆಯನ್ನೂ ಸೇರಿಸಿ. ಡಾವ್ ಸತ್ತಿದೆ. ಮಳೆಗಾಲದಿಂದ ನೀವು ಹಾಕಿದ್ದು ಬೇರೆ ಕರಡಿಗಳ ಹೊಟ್ಟೆಗೆ ಹೋಗಿದೆ. ನಮಗೆ ಸುಳ್ಳು ಹೇಳಿದ್ದಾರೆ. ನಾನಂತೂ ನಿಲ್ಲಿಸುವುದಿಲ್ಲ. ಬೇಡವಾದವರು ಜಾಡಿಯಿಂದ ತಮ್ಮ ಪಾಲು ತೆಗೆದುಕೊಳ್ಳಲಿ.

ಯಾರೂ ಜಾಡಿ ಮುಟ್ಟಲಿಲ್ಲ. ಬೆಂಚಿನ ಮೇಲೆ ಕಾಯುತ್ತಿದ್ದ ತೊರಿಗೊಯೆ ಎದ್ದ.

"ನಾನು ಹೇಳಿರಲಿಲ್ವಾ? ಕಳ್ಳಿಗೆ ಇನ್ನೂ ಹಾಲೆರೀತೀಯಾ?"

"ಎರೀತೀನಿ. ಹಸಿವು ಸುಳ್ಳಲ್ಲ ಅಲ್ಲಿ."

ಟೋಪಿ ಹಾಕಿಕೊಂಡು ಹೋಗಿಬಿಟ್ಟ. ಅವನ ಹಿಂದೆ ಇನ್ನಿಬ್ಬರು. ಹೋಗಲಿ. ಊಟಕ್ಕೆ ಕೂತಾಗ ಕಾನ್ಜಿ ತಮ್ಮ ಪಾಲಿನ ಮೀನು ನನ್ನ ತಟ್ಟೆಗೆ ಹಾಕಿದರು.

ಮಾರ್ಚ್ 7, ಶನಿವಾರ, ಮಧ್ಯಾಹ್ನ

ಇಷ್ಟು ದಿನ ಬರೆಯಲಿಲ್ಲ. ಜಾಡಿ ಅರ್ಧವೂ ತುಂಬಿಲ್ಲ. ಪರವಾಗಿಲ್ಲ, ಹೋದ ಸೋಮವಾರ ನನ್ನದು ಸ್ವಲ್ಪ ಹೆಚ್ಚು ಸೇರಿಸಿ ಕಳಿಸಿದೆ.

ಬೆಳಿಗ್ಗೆ ಬುನ್ಮಿಯ ಮೆಸೇಜ್. "ಅಕ್ಕಾ, ಮೊದಲು ಕೆಟ್ಟ ಸುದ್ದಿ ಹೇಳ್ತೀನಿ. ಹೊಸ ಹೆಣ್ಣಿನ ಎಡಗಣ್ಣು ಹೋಯ್ತು, ಉಳಿಸಕ್ಕಾಗಲಿಲ್ಲ. ಇನ್ನು ಒಳ್ಳೇದು: ಗಾಯ ಮಾಗಿದೆ. ಬೋಳು ಹೊಟ್ಟೆ ಬಿಸಿಲಿಗೆ ಹಾಕ್ಕೊಂಡು ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದಾಳೆ."

ಎರಡು ಸಲ ಓದಿದೆ. ಕೆಟ್ಟ ಸುದ್ದಿಯನ್ನು ಇನ್ನೊಂದು ಸಲ — ಮುಚ್ಚಿಡದೆ ಬರೆದಿದ್ದಾಳೆ.

ಈಗ ನೋಡಿದರೆ ಬಾಗಿಲಲ್ಲಿ ತೊರಿಗೊಯೆ. ಎರಡು ವಾರದ ಗಡ್ಡ, ಬೇರೆಲ್ಲೂ ಹೋಗಿಲ್ಲ ಮಹಾರಾಯ. ತಾನೇ ಹೋಗಿ ಕುರ್ಚಿಯಲ್ಲಿ ಕೂತ.

"ಅದೇನಾಯ್ತು, ಆ ಹೆಣ್ಣು ಕರಡಿ?"

"ನಿಜ ಹೇಳಲಾ?"

"ನಿಜಾನೇ ಹೇಳು. ಕತ್ತಿ ಕೈಗೆ ತಗೊಳ್ಳೋಕೆ ಮುಂಚೆ ಹೇಳು."

ನೀರು ಕಾಯುತ್ತಿದೆ, ಅಷ್ಟರಲ್ಲಿ ಇದನ್ನು ಬರೆದೆ. ಕರೆಯುತ್ತಿದ್ದಾನೆ —