ತೋವಾಳಿಗೆ ನೀರೆರೆದ ಬೆಳಿಗ್ಗೆ

ಪೇರ್ಲ್ಯಾಂಡ್
ಮಾರ್ಚ್ 17, 2019

ಪ್ರೀತಿಯ ಕುಮುದಾ,

ನೀನೂ ಸತ್ಯಪ್ರಕಾಶರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಸಿಯಾಳ ಕೆಮ್ಮು ಕಡಿಮೆಯಾಯಿತೇ? ಲೂಯಿಸ್‌ವಿಲ್‌ನ ಆ ಕೆರೆಯ ಗಾಳಿಗೆ ಟೋಪಿ ಹಾಕದೆ ಅವಳನ್ನು ಹೊರಗೆ ಬಿಡಬೇಡ. ನೀನು ಮತ್ತೆ ಮತ್ತೆ ಫೋನ್ ಮಾಡಿದರೂ ನಾನು ಎತ್ತಲಿಲ್ಲ. ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ಮಾತು ಅರ್ಧಕ್ಕೇ ಬಿಟ್ಟು ಏಳುವ ಹಾಗಿಲ್ಲ. ಬರೆಯುವಾಗ ಅಳು ಬಂದರೆ ಪೆನ್ನು ಕೆಳಗಿಟ್ಟು ಎದ್ದು ಹೋಗಬಹುದು.

ತೋವಾ ಹೋಗಿಬಿಟ್ಟಳು ಕಣೇ. ಅವಳನ್ನು ನೀನು ನಮ್ಮ ಮನೆಯಲ್ಲಿ ಒಮ್ಮೆ ನೋಡಿದ್ದೀಯ. ನೀನು ಮಾಡಿದ ಬಿಸಿಬೇಳೆಬಾತ್ ತಿಂದು, ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಂದು ಸೌಟು ಹಾಕಿಸಿಕೊಂಡವಳು. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ನನ್ನ ಪಕ್ಕದ ಮೇಜಿನಲ್ಲಿದ್ದಳು. ದಿನಾ ಒಂದೇ ಕಾರಿನಲ್ಲಿ ಹೋಗಿಬರುತ್ತಿದ್ದೆವು.

ಸಂಬಳವಿಲ್ಲದ ಇನ್ನೊಂದು ಕೆಲಸವನ್ನೂ ಅವಳು ಮಾಡುತ್ತಿದ್ದಳು. ಯಹೂದಿಗಳಲ್ಲಿ ಹೆಂಗಸು ತೀರಿಕೊಂಡರೆ ಅವರ ಸಮುದಾಯದ ಕೆಲವು ಹೆಂಗಸರೇ ಹೋಗಿ ದೇಹಕ್ಕೆ ನೀರೆರೆದು ಬಿಳಿ ಬಟ್ಟೆ ಉಡಿಸುತ್ತಾರೆ. ತೋವಾ ಆ ಗುಂಪಿನವಳು. "ನಿಂಗೆ ಭಯ ಆಗಲ್ವಾ?" ಎಂದು ಕೇಳಿದ್ದೆ. "ಭಯ ಯಾಕೆ? ಹೋದವಳು ಅಲ್ಲೇ ಇರ್ತಾಳಲ್ಲ" ಎಂದಿದ್ದಳು.

ಅವರ ಅನುಭಾವಿಗಳ ಪ್ರಕಾರ, ಗಾಜು ಊದಿ ಪಾತ್ರೆ ಮಾಡುವವನ ಹಾಗೆ ದೇವರು ನಮ್ಮೊಳಗೆ ಊದುತ್ತಾನಂತೆ. ಅವನ ಬಾಯಿಂದ ಹೊರಡುವ ಉಸಿರು ನೆಶಮಾ. ಕೊಳವೆಯಲ್ಲಿ ಹಾದುಬರುವ ಗಾಳಿ ರುವಾಖ್. ಪಾತ್ರೆಯೊಳಗೆ ಬಂದು ತಂಗುವುದು ನೆಫೆಶ್. ಸತ್ತ ಮೇಲೆ ನೆಶಮಾ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನೆಫೆಶ್‌ಗೆ ಮಾತ್ರ ದೇಹ ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ. ಏಳು ದಿನ ಮನೆಗೂ ಗೋರಿಗೂ ಅಲೆಯುತ್ತದೆ.

"ನಮ್ಮಲ್ಲಿ ಹತ್ತು ದಿನ" ಎಂದೆ.

"ನಿಮ್ಮವಕ್ಕೆ ಮೂರು ದಿನ ರಜೆ ಜಾಸ್ತಿ!" ಎಂದು ಸ್ಟಿಯರಿಂಗ್ ಬಡಿದು ನಕ್ಕಳು.

ಒಂದೇ ಬೇರಿನಿಂದ ಒಡೆದ ಆತ್ಮಗಳು ಬೇರೆ ಬೇರೆ ಊರುಗಳಲ್ಲಿ ಹುಟ್ಟಿ, ಎದುರಾದಾಗ ಒಂದನ್ನೊಂದು ಗುರುತು ಹಿಡಿಯುತ್ತವೆ ಎಂದೂ ಅವಳು ನಂಬಿದ್ದಳು. "ಇಲ್ಲದಿದ್ರೆ ಮೈಸೂರಿನವಳೊಬ್ಬಳು ಮೊದಲನೇ ದಿನವೇ ನನ್ನ ಡಬ್ಬಿಗೆ ಕೈ ಹಾಕ್ತಿದ್ಲಾ?"

ದೀಪಾವಳಿಯ ಹೊತ್ತಿಗೆ ಕಾಯಿಲೆ ಹೆಚ್ಚಾಗಿ, ಮಗಳು ಶೀರಾ ಅವಳನ್ನು ಆಸ್ಟಿನ್‌ಗೆ ಕರೆದುಕೊಂಡು ಹೋದಳು. ಹೋದ ತಿಂಗಳು ಅವಳದೇ ಫೋನ್: "ರಾಜಿ ಆಂಟಿ, ಅಮ್ಮ ಹೋದ್ರು." ನಿನ್ನ ಭಾವ ಒಂದು ಮಾತೂ ಕೇಳದೆ ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದರು. ರಾತ್ರಿಯೇ ಆಸ್ಟಿನ್ ಸೇರಿದೆವು.

ಮರುದಿನ ಬೆಳಿಗ್ಗೆ ತೋವಾಳನ್ನು ಇರಿಸಿದ್ದ ಅಂತ್ಯಕ್ರಿಯೆಯ ಭವನಕ್ಕೆ ನೀರೆರೆಯುವ ಹೆಂಗಸರು ಬಂದರು. ಮಾರ್ಸಿಯಾ ಎಂಬ ವಯಸ್ಸಾದಾಕೆ ಅವರಲ್ಲಿ ಹಿರಿಯಳು. "ನಾನೂ ಒಳಗೆ ಬರಲಾ? ಒಂದು ಚೊಂಬು ನೀರು ಹಾಕ್ತೀನಿ, ಅಷ್ಟೇ" ಎಂದು ಕೇಳಿದೆ.

ಆಕೆ ನನ್ನ ಎರಡೂ ಕೈ ಹಿಡಿದಳು. "ಆಗಲ್ಲಮ್ಮ. ಇದು ನಮ್ಮವರೇ ಮಾಡಬೇಕಾದ್ದು. ತೋವಾ ಇದ್ದಿದ್ರೆ ಅವಳೂ ಹೀಗೇ ಹೇಳ್ತಿದ್ಲು."

ನನಗೆ ಕೆನ್ನೆಗೆ ಹೊಡೆದಂತಾಯಿತು. ಇಪ್ಪತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳು ಈಗ ಹೊರಗಿನವಳಾದೆನಲ್ಲ ಎನಿಸಿತು. ಮುಖ ನೋಡಿಯೇ ಆಕೆಗೆ ತಿಳಿದಿರಬೇಕು. "ಹೋದವರನ್ನ ಒಂಟಿಯಾಗಿ ಬಿಡಬಾರದು. ಈ ಬಾಗಿಲ ಹತ್ರ ಕೂತ್ಕೊಳ್ಳಿ. ಅವಳ ಜೊತೆ ಮಾತಾಡ್ತಾ ಇರಿ" ಎಂದು ಕುರ್ಚಿ ಎಳೆದುಕೊಟ್ಟಳು.

ಕೂತೆ. ಮೊದಲು ಸಹಸ್ರನಾಮ ಹೇಳಲು ಹೊರಟೆ, ಸಾಲುಗಳೆಲ್ಲ ಕಲಸಿಹೋದವು. ಆಮೇಲೆ ಸುಮ್ಮನೆ ಲ್ಯಾಬಿನ ಸುದ್ದಿ ಹೇಳತೊಡಗಿದೆ. ಹೊಸ ಮೆಷಿನ್ ಬಂದು ವಾರಕ್ಕೇ ಕೆಟ್ಟಿತು, ಮ್ಯಾನೇಜರ್ ಕೂದಲಿಗೆ ಬಣ್ಣ ಹಾಕಿಸಿಕೊಂಡಿದ್ದಾನೆ, ಹೀಗೆ. ಒಳಗೆ ನೀರು ಧಾರೆ ಕಡಿಯದ ಹಾಗೆ ಸುರಿಯುವ ಸದ್ದು ಕೇಳುತ್ತಿತ್ತು. ಅಳು ಬರಲಿಲ್ಲ. ಅವಳು ಸ್ನಾನ ಮುಗಿಸಿ ಬರಲೆಂದು ಕಾಯುವವಳಂತೆ ಕಾದೆ.

ಮಾರ್ಸಿಯಾ ಕೈ ಒರೆಸಿಕೊಳ್ಳುತ್ತಾ ಹೊರಬಂದಳು. "ಕೊನೇಲಿ ಹೆಸರು ಹಿಡಿದು ಕರೆದು ಕ್ಷಮೆ ಕೇಳ್ತೀವಿ, ನಮ್ಮ ಕೈಯಿಂದ ಏನಾದ್ರೂ ನೋವಾಗಿದ್ರೆ ಅಂತ. ಇವತ್ತು ಇನ್ನೊಂದು ಮಾತು ಸೇರಿಸಿದೆ. ರಾಜಿ ಬಾಗಿಲಲ್ಲೇ ಇದಾಳೆ ಅಂತ ಅವಳಿಗೆ ಹೇಳಿದೆ."

ಆಗ ಅತ್ತುಬಿಟ್ಟೆ ನೋಡು, ಆ ಹೆಂಗಸಿನ ಒದ್ದೆ ಏಪ್ರನ್ ಮೇಲೆ ತಲೆಯಿಟ್ಟು.

ಗೋರಿಗೆ ಮಣ್ಣು ಹಾಕುವಾಗ ಅವರು ಮೊದಲು ಸಲಿಕೆಯನ್ನು ಬೋರಲು ಹಿಡಿಯುತ್ತಾರೆ, ಈ ಕೆಲಸಕ್ಕೆ ನಮಗೆ ಅವಸರವಿಲ್ಲ ಎಂದು ತೋರಿಸಲು. ಅಲ್ಲಿ ನನ್ನನ್ನು ಯಾರೂ ತಡೆಯಲಿಲ್ಲ. ಬೋರಲು ಸಲಿಕೆಯಲ್ಲಿ ಒಂದು ಹಿಡಿಯಷ್ಟು ಮಣ್ಣು ನಿಂತಿತು. ಅದನ್ನೇ ಹಾಕಿದೆ.

ಹೊರಡುವಾಗ ಶೀರಾ, "ಅಮ್ಮನ ಹೆಸರಲ್ಲಿ ಏನಾದ್ರೂ ಒಳ್ಳೇದು ಮಾಡಿ ಆಂಟಿ. ಅವರ ಆತ್ಮ ಇನ್ನಷ್ಟು ಮೇಲಕ್ಕೆ ಹೋಗುತ್ತೆ" ಎಂದಳು. ಹಾಗಾಗಿ ಇಲ್ಲೊಂದು ಹಾಸ್ಪಿಸ್‌ಗೆ ಶನಿವಾರ ಶನಿವಾರ ಹೋಗುತ್ತಿದ್ದೇನೆ. ಕೊನೆಯ ದಿನಗಳಲ್ಲಿ ಯಾರೂ ಇಲ್ಲದವರ ಪಕ್ಕ ಕೂರುವುದು, ಅಷ್ಟೇ ಕೆಲಸ. ನಿನ್ನೆ ಒಬ್ಬ ಅಜ್ಜಿ ತಲೆ ಬಾಚು ಎಂದಳು, ಬಾಚಿದೆ. ಮನಸ್ಸು ತಿಳಿಯಾಗಿದೆ, ನನ್ನ ಬಗ್ಗೆ ಯೋಚಿಸಬೇಡ.

ಸಿಯಾಳಿಗೆ ದೊಡ್ಡಮ್ಮನ ಮುತ್ತು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಕ್ಕ,
ರಾಜಲಕ್ಷ್ಮಿ

ತಾ. ಕ.: ಕವರಿಗೆ ಹಾಕಿದ್ದವಳು ಮತ್ತೆ ತೆಗೆದೆ. ನಮ್ಮಮ್ಮ ಹೋದಾಗ ಇಲ್ಲಿ ಚಂಡಮಾರುತ, ಊರೆಲ್ಲ ನೀರು, ಏರ್‌ಪೋರ್ಟ್ ಮುಚ್ಚಿತ್ತು. ಮೈಸೂರಿನಲ್ಲಿ ಅವಳಿಗೆ ಕೊನೆಯ ಸ್ನಾನ ನೀನೊಬ್ಬಳೇ ಮಾಡಿಸಿದೆ. ನೀನು ಈ ದೇಶಕ್ಕೆ ಬಂದು ಯುಗಾದಿಗೆ ವರ್ಷವಾಗುತ್ತದೆ. ಎಷ್ಟೋ ಸಲ ಒಟ್ಟಿಗೆ ಕೂತು ಉಂಡರೂ ನಾವಿಬ್ಬರೂ ಆ ದಿನದ ಮಾತು ಎತ್ತಿಲ್ಲ. ಕೇಳಿದರೆ ನೀನು ಅತ್ತುಬಿಡುತ್ತೀಯೆಂದು ನಾನು ಹೆದರಿದ್ದೆ. ಈಗ ಅತ್ತರೂ ಪರವಾಗಿಲ್ಲ, ಹೇಳು. ನೀರು ಬೆಚ್ಚಗಿತ್ತೇ? ಅಮ್ಮನಿಗೆ ಯಾವ ಸೀರೆ ಉಡಿಸಿದೆ, ಕುಮುದಾ?